ಮಂಜು ಆರುವ ತನಕ

ಮುಹರ್ರಕ್‌ನ ನಮ್ಮ ಲಾಂಡ್ರಿಗೆ ಬಂದ
ಒಂದು ಕೋಟಿನ ಒಳಜೇಬಲ್ಲಿತ್ತು ಅದು—
ಅಂಗೈಯಷ್ಟು ಕಪ್ಪು, ಸಾಬೂನಿನ ಬಿಲ್ಲೆಗಿಂತ ತುಸು ಭಾರ.
ಚೀಟಿ ನಂಬರ್ ನಾನೂರ ಹನ್ನೆರಡು.
ಹೆಸರಿನ ಜಾಗಕ್ಕೆ ನೀರು ಬಿದ್ದು ಶಾಯಿ ಕದಡಿತ್ತು.
ಮೂರು ರಂಜಾನು ಕಾದೆವು. ಯಾರೂ ಬರಲಿಲ್ಲ.
‘ತಗೋ ಮಾರಾಯ, ನಿನಗೇ ಇರಲಿ,’ ಅಂದರು ದಾಮೂದಿ ಸಾಹೇಬರು,
‘ಕೋಟು ಮಾತ್ರ ಮುಟ್ಟಬೇಡ, ಅದು ಗಿರಾಕಿಯದ್ದು.’

ಪುಟ್ಟ ಕಿಟಕಿಯಲ್ಲಿ ಹತ್ತೊಂಬತ್ತು ಎಂಬ ಅಂಕೆ.
ಏನೆಂದು ತಿಳಿಯದೆ ಹಿಂಬದಿಯ ಬಾಗಿಲು ತೆರೆದೆ.
ಒಳಗೆ ಕಂದು ರೀಲು, ಅರ್ಧ ಸುತ್ತಿಕೊಂಡು.
ಫಕ್ಕನೆ ಮುಚ್ಚಿದೆ,
ಬೇರೆಯವರಿದ್ದ ಬಚ್ಚಲ ಬಾಗಿಲು
ತಪ್ಪಿ ತೆರೆದವನ ಹಾಗೆ.

ಆಮೇಲೆ ಮನಾಮದ ಹಳೇ ಸ್ಟುಡಿಯೋದ ಅಬ್ದುನ್ನಬಿ ಕಲಿಸಿದ,
ಅರ್ಧ ಹಿಂದಿಯಲ್ಲಿ, ಅರ್ಧ ಬೆರಳಲ್ಲಿ:
ಬಾಗಿಲ ಅಂಚಿನ ಸ್ಪಂಜು ಕರಗಿ ಡಾಂಬರಾಗಿದೆ,
ಹಲ್ಲುಕಡ್ಡಿಯಲ್ಲಿ ಕೆರೆ, ಸ್ಪಿರಿಟಲ್ಲಿ ಒರೆಸು,
ಕಪ್ಪು ಉಣ್ಣೆದಾರ ಅಂಟಿಸು;
ಸೆಲ್ಲಿನ ಗೂಡಲ್ಲಿ ಹಸಿರು ಕಿಲುಬು, ಒಂದು ಹನಿ ವಿನಿಗರ್ ಸಾಕು;
ಗಾಜಿಗೆ ಬಾಯಿಂದ ಊದಬೇಡ,
ಕಾರಿನಲ್ಲಿ ಬಿಡಬೇಡ, ಆಗಸ್ಟಿನಲ್ಲಿ ಫಿಲ್ಮು ಬೇಯುತ್ತದೆ;
ಲಿವರ್ ಬಿಗಿದರೆ ಜೋರು ಮಾಡಬೇಡ, ಹಲ್ಲು ಹರಿಯುತ್ತದೆ.

ಉಗಿಯ ಕೆಲಸದವನು ನಾನು, ಹನ್ನೊಂದು ವರ್ಷದಿಂದ.
ಕಲೆಗಳ ಕುಲಗೋತ್ರ ಬಲ್ಲೆ:
ಕೇಸರಿ, ಊದಿನ ಎಣ್ಣೆ, ಚಾ, ತುಟಿಯ ಬಣ್ಣ.
ಆದರೆ ಈ ಗಾಜಿನ ಮೇಲಿನ ಉಗಿ ಹೊಸತು—
ಏಸಿ ಕೋಣೆಯಿಂದ ಹೊರಗೆ ಕಾಲಿಟ್ಟರೆ ಸಾಕು,
ಕಡಲ ಸೆಕೆ ಓಡಿ ಬಂದು ಲೆನ್ಸನ್ನು ತಬ್ಬುತ್ತದೆ.
ಬೀದಿ ಗಂಜಿ, ಮಿನಾರ ಗಂಜಿಯ ತಿಳಿ.
ಒರೆಸಬಾರದು. ಕಾಯಬೇಕು.
ಮೆಟ್ಟಿಲ ಮೇಲೆ ಕೂತು, ಕ್ಯಾಮರಾವನ್ನು ಮಡಿಲಲ್ಲಿ ಮಗುವಿನ ಹಾಗೆ—
ಛೆ, ಮಗುವಿನ ಹಾಗಲ್ಲ,
ತಣಿಯಲೆಂದು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟ ಹಾಗೆ.
ಹತ್ತು ನಿಮಿಷ. ಕೆಲವು ದಿನ ಹದಿನೈದು.

ಆ ಹೊತ್ತಿನಲ್ಲೇ ನಾನು ಬೀದಿ ನೋಡಿದ್ದು,
ಹನ್ನೊಂದು ವರ್ಷ ಎದುರಿಗೇ ಇದ್ದ ಬೀದಿ:
ಬಲೆ ರಿಪೇರಿಯ ಮುದುಕನಿಗೆ ಎಡಗೈಯಲ್ಲಿ ಮೂರೇ ಬೆರಳು.
ರೊಟ್ಟಿಯಂಗಡಿಯ ಸಾಲಿನ ಕೊನೆಯಲ್ಲಿ ಒಂದು ಬೆಕ್ಕು, ಸರದಿ ತಪ್ಪಿಸದೆ.
ನಮ್ಮ ಶಫೀಕುಲ್, ಅಂಗಿಗಳ ಹೊರೆ ಹೊತ್ತು
ಸೈಕಲ್ ತುಳಿಯುವಾಗ ತನ್ನಷ್ಟಕ್ಕೆ ನಗುತ್ತಾನೆ.
ಯಾಕೆಂದು ಇನ್ನೂ ಕೇಳಿಲ್ಲ.

ಉಳಿದದ್ದು ಹದಿನೇಳು. ಶುಕ್ರವಾರಕ್ಕೊಂದು.
ರಾತ್ರಿ ಅದರ ಮನೆ ಖರ್ಜೂರದ ತಗಡು ಡಬ್ಬಿ,
ಬೂಟಿನ ಪೆಟ್ಟಿಗೆಗಳಿಂದ ಆಯ್ದ ಸಿಲಿಕಾ ಪೊಟ್ಟಣಗಳ ನಡುವೆ.
ರೂಮಿನವರು ಕೇಳುತ್ತಾರೆ, ಮೊಬೈಲಿಲ್ವಾ ನಿನ್ನ ಹತ್ರ?
ಇದೆ. ನಾಲ್ಕು ಸಾವಿರ ಫೋಟೋ ಇವೆ ಅದರಲ್ಲಿ,
ಒಂದಕ್ಕೂ ಕಾದದ್ದಿಲ್ಲ.

ಮೂವತ್ತಾರು ಮುಗಿದ ಮೇಲೂ
ಲಿವರ್ ಇನ್ನೊಮ್ಮೆ ತಿರುಗಿತು, ಬಿಗಿಯದೆ.
ಡಬ್ಬಿಯ ಮೇಲೆ ಬರೆಯದ ಮೂವತ್ತೇಳನೆಯದು,
ತಕ್ಕಡಿ ನಿಂತ ಮೇಲೂ
ಮೀನಿನಂಗಡಿಯವ ಎಸೆಯುವ ಒಂದು ಬಂಗುಡೆ.
ಅದರಲ್ಲಿ ಕೋಟಿನ ಚಿತ್ರ ತೆಗೆದೆ:
ಪ್ಲಾಸ್ಟಿಕ್ಕಿನೊಳಗೆ, ಕೊಕ್ಕೆಗೆ ತೂಗಿ, ನಾನೂರ ಹನ್ನೆರಡು.

ತೊಳೆದು ಬಂತು ರೀಲು.
ನಾನು ಬಾಗಿಲು ತೆರೆದ ಕ್ಷಣ ಅವನ ಬೀದಿಗಳನ್ನು ಸುಟ್ಟಿತ್ತು,
ಕಿತ್ತಳೆ ಬಣ್ಣಕ್ಕೆ, ಒಂದರ ಮೇಲೊಂದು.
ಸುರುಳಿಯ ಒಳಪದರದಲ್ಲಿ ಅಡಗಿ ಮೊದಲ ನಾಲ್ಕು ಉಳಿದಿದ್ದವು:
ಒಂದು ಸೇತುವೆ, ಒಂದು ಖಾಲಿ ಬೆಂಚು,
ಒಂದು ಬೆರಳು,
ಮತ್ತೆ ಅದೇ ಬೆರಳು.
ಪಾಪ, ಅವನಿಗೂ ಬರುತ್ತಿರಲಿಲ್ಲ.
ನನ್ನವುಗಳಲ್ಲಿ ಐದು ಬರೀ ಮಂಜು, ಅವಸರದ ಶುಕ್ರವಾರಗಳು.
ಕೋಟು ಮಾತ್ರ ಸ್ಪಷ್ಟ, ಗುಂಡಿ ಎಣಿಸಬಹುದು.

ಸಾಹೇಬರು ನಮಾಜಿಗೆ ಹೋದಾಗ
ಆ ನಾಲ್ಕನ್ನೂ ಅವನ ಒಳಜೇಬಿಗೆ ಹಾಕಿಟ್ಟೆ.
ಮುಟ್ಟಿದ್ದಾಯಿತಲ್ಲ ಎಂದು
ಕೋಟಿಗೆ ಇನ್ನೊಮ್ಮೆ ಇಸ್ತ್ರಿ ಹಾಕಿದೆ,
ಜೇಬಿನ ಭಾಗ ಬಿಟ್ಟು.